ಅರ್ಧ ಪುಟ

ಬೆಳಗಿನ ನಾಲ್ಕೂವರೆ, ಮಲ್ಪೆ ದಕ್ಕೆ.
ಐಸು ಪುಡಿಮಾಡುವ ಯಂತ್ರದ ಸದ್ದಿನಲ್ಲಿ
ನಾನು ಲೆಕ್ಕ ಬರೆಯುತ್ತೇನೆ: ಬುಟ್ಟಿ ಎಷ್ಟು, ಉದ್ದ ಎಷ್ಟು,
ಹೊಟ್ಟೆ ಸೀಳಿದರೆ ಒಳಗೆ ಮೊಟ್ಟೆ ಎಷ್ಟು.
ಹನ್ನೊಂದು ವರ್ಷದಿಂದ ಇದೇ ಸ್ಕೇಲು,
ಅದರ ಒಂದು ಎರಡು ಮೂರು ಉಪ್ಪಿಗೆ ಅಳಿಸಿಹೋಗಿವೆ.

ಆ ದಿನ ದೂಮಪ್ಪ ತಿಂಗಳಾಯರ ಬೋಟಿನಲ್ಲಿ
ಬಲೆಯ ಜೊತೆ ಒಂದು ತೆಂಗಿನ ಮಡಲೂ ಬಂತು.
ಗರಿಗರಿಗೂ ಬಿಳಿ ಗೊಂಚಲು,
ತಾಟಿಬೊಂಡದ ತಿರುಳನ್ನು ಬೆರಳ ತುದಿಯಷ್ಟು ಮಾಡಿ
ಯಾರೋ ಪೋಣಿಸಿಟ್ಟ ಹಾಗೆ.
ಬೆಳಕಿಗೆ ಹಿಡಿದರೆ ಒಳಗೊಂದು ಕಣ್ಣು.

ಕಪ್ಪೆ ಬೊಂಡಾಸ.
ನೆರಳು ಕಂಡಲ್ಲಿ ಮೊಟ್ಟೆಯಿಡುವ ತಾಯಿ.
ಮಡಲು, ಹಳೆ ಹಗ್ಗ, ಮರಳು ತುಂಬಿದ ಚೀಲ ಸೇರಿಸಿ
ಇವರು ಕಡಲೊಳಗೆ ಹೆರಿಗೆಮನೆ ಕಟ್ಟುತ್ತಾರೆ,
ಬಂದವಳನ್ನು ಬಾಗಿಲಲ್ಲೇ ಹಿಡಿಯುತ್ತಾರೆ.
ವರದಿಯಲ್ಲಿ ನಾನು ಹೀಗೆ ಬರೆಯಲಿಲ್ಲ.
ವರದಿಯಲ್ಲಿ ನಲವತ್ತೆರಡು ಪುಟ, ಹದಿನೇಳು ನಕ್ಷೆ,
‘ಬಹುಶಃ’ ಎಂಬ ಮಾತು ಅರುವತ್ತು ಸಲ.

ಅರ್ಧ ಪುಟದಲ್ಲಿ ಕೊಡಿ, ಅಂದರು ಇಲಾಖೆಯವರು.
ಕೊಟ್ಟೆ.
ಬಹುಶಃಗಳನ್ನೆಲ್ಲ ಕಿವಿರಿನ ಹಾಗೆ ಕಿತ್ತು ತೆಗೆದು
ನಡುಮುಳ್ಳು ಮಾತ್ರ ಉಳಿಸಿ.
ಕಡತ ಬೆಂಗಳೂರಿಗೆ ಹೋಯಿತು. ಒಂದು ಮಳೆಗಾಲ ಕಳೆದು
ಅಂಚಿನಲ್ಲಿ ಹಸಿರು ಶಾಯಿಯ ಷರಾ ಹೊತ್ತು ಬಂತು:
‘ಕಪ್ಪೆಗಳ ವಿಷಯ ಅರಣ್ಯ ಇಲಾಖೆಗೆ ಸಂಬಂಧಿಸಿದ್ದು.
ಅಲ್ಲಿಗೆ ವರ್ಗಾಯಿಸುವುದು.’

ದಕ್ಕೆಯಲ್ಲಿ ಈ ಕತೆ ಹೇಳಿದೆ.
ಏಲಂ ಕೂಗುತ್ತಿದ್ದ ಬೇಬಿಯಕ್ಕ ಬುಟ್ಟಿ ಕೆಳಗಿಟ್ಟು
ಕಣ್ಣಲ್ಲಿ ನೀರು ಬರುವಷ್ಟು ನಕ್ಕರು.
ದೂಮಪ್ಪ ನಗಲಿಲ್ಲ.
“ಮಡಲು ಹಾಕಬೇಡ ಅಂತ ನೀವು ಬರೆದದ್ದೂ ಅರ್ಧ ಪುಟವೇ.
ನನ್ನ ಡೀಸೆಲ್ ಬಾಕಿ ಅದರಲ್ಲಿ ಯಾವ ಸಾಲಲ್ಲಿ ಉಂಟು?”

ಯಾವ ಸಾಲಲ್ಲೂ ಇರಲಿಲ್ಲ.

ಮುಂದಿನ ಸಭೆಗೆ ಅವರನ್ನೂ ಕರೆದೊಯ್ದೆ,
ಮಣಿಪಾಲದ ಗುಡ್ಡ ಹತ್ತುವ ಸಿಟಿ ಬಸ್ಸಿನಲ್ಲಿ,
ಮಡಿಲಲ್ಲಿ ಉಪ್ಪುನೀರಿನ ಭರಣಿ, ಅದರಲ್ಲಿ ಮಡಲಿನ ಒಂದು ಗರಿ.
ಕಂಡಕ್ಟರ್ ಕೇಳಿದ, ಇದಕ್ಕೆ ಟಿಕೆಟ್ ಬೇಡವಾ?

ಉದ್ದ ಮೇಜು, ತಟ್ಟೆಯಲ್ಲಿ ಗೇರುಬೀಜ.
ಹೌದೋ ಅಲ್ಲವೋ ಹೇಳಿ, ಅಂದರು ಸಾಹೇಬರು.
ನಾನು ನೀರಿನ ಬಿಸಿ, ಒಳಹರಿವು, ದೋಷದ ಮಿತಿ ಎನ್ನುತ್ತಿರುವಾಗ
ದೂಮಪ್ಪ ಎದ್ದು ನಿಂತರು:
“ಮೂರು ವಾರ ಸಾರ್. ಮೊಟ್ಟೆ ಒಡೆಯುವವರೆಗೆ
ಮಡಲು ಮೇಲೆತ್ತದಿದ್ದರೆ ಸಾಕು.
ಮೇಡಂ ಭರಣಿಯಲ್ಲಿಟ್ಟು ಎಣಿಸಿದ್ದಾರೆ, ನಾನೂ ನೋಡಿದ್ದೇನೆ.
ಆದರೆ ನಾನೊಬ್ಬ ಬಿಟ್ಟು ಬಂದರೆ
ಪಕ್ಕದ ಬೋಟಿನವ ಎತ್ತುತ್ತಾನೆ.
ಅದಕ್ಕೆ ನೀವು ಬೇಕಾದದ್ದು.”

ಇಷ್ಟು ಸಣ್ಣ ಮಾತು
ಹನ್ನೊಂದು ವರ್ಷದಲ್ಲಿ ನನಗೆ ಹೊಳೆದಿರಲಿಲ್ಲ.

ಭರಣಿಯಲ್ಲಿ ಆಗ ಒಂದು ಮೊಟ್ಟೆ ಬಿರಿಯಿತು.
ಉಗುರಿನಷ್ಟು ಮರಿ. ಅಷ್ಟು ಮುಖಗಳನ್ನು ಕಂಡು
ಗಾಬರಿಗೆ ಒಂದು ಹನಿ ಶಾಯಿ ಕಾರಿತು.
ಟಿಪ್ಪಣಿ ಬರೆಯುತ್ತಿದ್ದ ಜುಲಿಯಾನಾ ಮೆಲ್ಲಗೆ ಅಂದಳು,
“ರುಜು ಹಾಕಿತು ನೋಡಿ.”
ನಡಾವಳಿಯಲ್ಲಿ ಅದು ಸೇರಲಿಲ್ಲ.

ಆದೇಶ ಬಂದಿದೆ. ಅಂದರೆ ಕರಡು.
ಐಸ್ ಪ್ಲಾಂಟಿನ ಗೋಡೆಗೆ ಅಂಟಿಸಿದ್ದಾರೆ,
ಆಕ್ಷೇಪಣೆಗಳಿದ್ದಲ್ಲಿ ಮೂವತ್ತು ದಿನದೊಳಗೆ.
ಭೂತಾಯಿಯ ಹುರುಪೆ ಹತ್ತಿಕೊಂಡು
‘ಮೂರು ವಾರ’ ಎಂಬಲ್ಲಿ ಮಾತ್ರ ಹೊಳೆಯುತ್ತದೆ.

ನಿನ್ನೆ ರಾತ್ರಿ ಹನ್ನೊಂದಕ್ಕೆ ಫೋನು,
ಅರ್ಧ ಮಾತು, ಅರ್ಧ ಗಾಳಿ:
“ಮೇಡಂ, ನಾಲ್ಕು ಮಡಲು ಎತ್ತದೆ ಬಂದೆ.
ನಾಲ್ಕೇ. ಬರೆದುಕೊಳ್ಳಿ.”

ಬರೆದೆ. ದಿನಾಂಕ, ಆಳ, ನಾಲ್ಕು.
ಷರಾ ಎಂಬ ಕಲಮಿನಲ್ಲಿ
ಪೆನ್ನು ಹಿಡಿದು ತುಂಬ ಹೊತ್ತು ಕೂತೆ.
ಮತ್ತೆ ಬರೆದೆ:
ಬಹುಶಃ.