ಬಸ್ಸು ಬಂದಳು

ಕಾತ್ರಜದ ಸ್ಟಾಪಿನಾಗ ನಿಂತು
ನನ್ನ ಮಗಳು ಕೂಗತಾಳ: ‘ಅವ್ವಾ, ಬಸ್ಸು ಬಂದಳು!’
ಸಾಲಿನಾಗಿದ್ದ ಸೊಲ್ಲಾಪುರದ ಮುದುಕ,
ಕನ್ನಡ ತಿಳಿದಾವ, ತಿರುಗಿ ನೋಡಿ ನಗತಾನ.
ನನಗ ನಾಚಿಕಿ.
ಬಂತು ಅನ್ನು ನೀಲಾ, ಬಂತು.
ಆಕಿ ಆಗಲೇ ಬಸ್ಸಿನ ಮೆಟ್ಟಿಲ ಮ್ಯಾಲೆ.

ಪೂರಾ ಹೆಸರು ನೀಲಾಂಬಿಕಾ, ನಮ್ಮತ್ತಿಯದು.
ಸಾಲ್ಯಾಗ ಹಾಜರಿ ಕರಿಯೂ ಬಾಯಿ
ಅರ್ಧಕ್ಕ ಮುರಿದು ನೀಲಾ ಮಾಡಿದರು.
ಉಳಿದರ್ಧ ಎಲ್ಲಿ ಬಿತ್ತೋ. ನಾವೂ ಹುಡುಕಲಿಲ್ಲ.

ಮನ್ಯಾಗ ಆಕಿ ಮಾತು ಹಿಂಗ:
ಮಳಿ ಬಂದ. ಲೈಟು ಹೋದಳು. ಗ್ವಾಡಿ ತೊಯ್ದಳು.
ಒಂದಿನ ನಸುಕಿನ ನಾಕಕ್ಕ,
ಮೆಸ್ಸಿನ ಹುಡುಗರಿಗೆ ಇನ್ನೂ ಎಂಬತ್ತು ರೊಟ್ಟಿ ಬಡಿಯೂದಿತ್ತು,
‘ಗ್ಯಾಸು ತೀರಿಹೋದ!’ ಅಂತ ಒದರಿದಳು.
ರಾತ್ರಿಪಾಳಿ ಮುಗಿಸಿ ಮಲಗಿದ್ದ ಇವರು
ಎದ್ದು ಕೂತು, ‘ಯಾರು? ಯಾರು ತೀರಿಕೊಂಡರು?’
ನಕ್ಕು ನಕ್ಕು, ಹಿಟ್ಟಿನ ಕೈಲೇ ಕಣ್ಣು ಒರಿಸಿಕೊಂಡೆ.

ಮೊದಮೊದಲು ತಿದ್ದತಿದ್ದೆ.
ನಮ್ಮ ಮಾತಿನಾಗ ಸಾಮಾನಕ್ಕ
ಗಂಡು ಹೆಣ್ಣು ಇರೂದಿಲ್ಲವ್ವ,
ಎಲ್ಲಾ ಅದು, ಎಲ್ಲಾ ಬಂತು, ಎಲ್ಲಾ ಹೋತು.
ಹಂಗ ಹೇಳಿದ ದಿನ ಮಧ್ಯಾಹ್ನ
ಮೆಸ್ಸಿನ ತಾಟು ತಿಕ್ಕುವಾಗ ನೆನಪಾತು.
ಲಗ್ನಾಗಿ ಇಂಡಿ ಕಡೆಯ ಆ ಮನಿಯ ಹೊಸ್ತಿಲು ದಾಟಿದಾಗ
ಕಟ್ಟಿ ಮ್ಯಾಲಿನ ಹಿರ್ಯಾರು ಕೇಳಿದ್ದರು,
‘ಬಂತೇನು ಸೊಸಿ? ಎಮ್ಮಿ ಹಿಂಡಾಕ ಬರತೈತೇನು ಅದಕ್ಕ?’
ಪ್ರೀತೀಲೇ ಕೇಳಿದ್ದರು.
ಎಮ್ಮಿಗೂ ಅದು. ನನಗೂ ಅದು.

ಅವತ್ತಿನಿಂದ ತಿದ್ದೂದು ಬಿಟ್ಟೆ.
ಒಂದು ಕಾಲು ಮುರಿದ ಕುರ್ಚಿಗೆ
ಆಕಿ ಅಂತಾಳ ನನ್ನ ಮಗಳು,
ಕಾಲಿಗೆ ಇಟ್ಟಂಗಿ ಕೊಟ್ಟು ನಿಲ್ಲಿಸತಾಳ.
ಅನ್ನಲಿ.

ಮರಾಠಿಯಾಗ ಎರಡು ನಾವು ಅದಾವಂತ.
ಆಪಣ ಅಂದರ ಕೇಳಾವರನ್ನೂ ಕೂಡಿಸಿ,
ಆಮ್ಹಿ ಅಂದರ ಕೇಳಾವರನ್ನ ಹೊರಗಿಟ್ಟು.
ಹನ್ನೊಂದು ವರ್ಷ ಈ ಊರಿನ ನೀರು ಕುಡಿದರೂ
ತಿಳಿದಿರಲಿಲ್ಲ ನನಗ, ಎಂಟು ವರ್ಷದಾಕಿ ಕಲಿಸಿದಳು.
ಜಿನ್ಯಾದ ಮ್ಯಾಲೆ ಶಿತೋಳೆ ಕಾಕು ಕೇಳಿದರು,
ಮನ್ಯಾಗ ಏನು ಮಾತಾಡತೀರಿ ನೀವು?
‘ಆಮ್ಹಿ ಕಾನಡಿ ಬೋಲತೋ’ ಅಂದು
ನನ್ನ ಸೆರಗು ಹಿಡಕೊಂಡಳು.
ಕಾಕು ಹೊರಗ, ನಾ ಒಳಗ.
ನಳದ ಸಾಲಿನಾಗ, ರೇಶನ್ ಅಂಗಡ್ಯಾಗ
ಆ ಶಬ್ದ ಕಿವಿಗೆ ಬಿದ್ದಾಗೆಲ್ಲ
ನಾ ನಿಂತದ್ದು ಆಚೆ ಕಡೆ.

ಮೊನ್ನೆ ರಾತ್ರಿ ಊರಿಂದ ಫೋನು,
ನಾದಿನಿ ಕೂಸಿಗೆ ತೊಟ್ಟಿಲ.
ದೀಪ ಆರಿಸಿ ಲೆಕ್ಕ ಹಾಕಿದಿವಿ,
ಟಿಕೀಟು, ಕೂಸಿಗೆ ಬೆಳ್ಳಿ ಉಡದಾರ,
ನೀಲಾಗ ನಡುವ ಪರೀಕ್ಷಾ, ಕಾಕು ಹತ್ತಿರ ಬಿಟ್ಟರ ಹೆಂಗ.
ನಿದ್ದಿ ಹತ್ತೇತಿ ಆಕಿಗೆ ಅಂದುಕೊಂಡು
‘ಶುಕ್ರವಾರ ನಾವು ಹೊಂಟುಬಿಡೂಣು’ ಅಂದೆ.
ಕೌದಿ ಒಳಗಿಂದ ದನಿ:
‘ಅವ್ವಾ, ಆ ನಾವಿನಾಗ
ನಾ ಅದೀನೋ, ಇಲ್ಲೋ?’

ಇವರು ನನ್ನ ಕಡೆ ಹೊಳ್ಳಿದರು.
ನಾ ಫ್ಯಾನಿನ ಕಡೆ.
ನಮ್ಮಲ್ಲಿ ಒಂದ ನಾವು ಐತಿ ಮಗಳ,
ದೊಡ್ಡ ಕೌದಿ ಇದ್ದಂಗ, ಎಲ್ಲಾರೂ ಹಿಡಸತಾರ,
ಅಂತ ಹೇಳಾಕ ಬಾಯಿ ತಗದೆ.
ಸುಳ್ಳು.
ಯಾರ ಕಾಲು ಹೊರಗ ಉಳಿದಾವು ಅನ್ನೂದು
ಕತ್ತಲದಾಗ ಕಾಣೂದಿಲ್ಲ, ಅಷ್ಟ.

ಶುಕ್ರವಾರ ನಸುಕಿನಾಗ
ಮೆಸ್ಸಿನ ಎಣಿಕಿ ಮುಗಿದ ಮ್ಯಾಲೆ
ಬುತ್ತಿಗಂತ ಎತ್ತಿಟ್ಟ ಹಿಟ್ಟಿಗೆ
ಮತ್ತೊಂದು ಬೊಗಸಿ ಸುರುವಿದೆ.
ಇನ್ನೆರಡು ಬಡಿದೆ.
ಮೊದಲನೇದು ಹರೀತು.
ಎರಡನೇದು ಉಬ್ಬಿದಳು.