ಒಂದಕ್ಕೆ ನೂರಾ ನಲವತ್ನಾಲ್ಕು

ಡಬ್ಬದ ಮೇಲೆ ಅಳತೆ ಬರೆದಿರುತ್ತದೆ:
ಒಂದಕ್ಕೆ ನೂರಾ ನಲವತ್ನಾಲ್ಕು.
ಆರಂತಸ್ತಿನ ಯುದ್ಧಯಂತ್ರ ಇಲ್ಲಿ ಚೋಟುದ್ದ,
ಒಳಗೆ ಕೂತು ಅದನ್ನು ಓಡಿಸುವವನು
ಒಂದು ಅವರೆಕಾಳು.

ಶಿಡ್ಲಘಟ್ಟ, ದಿಬ್ಬೂರಹಳ್ಳಿ ರಸ್ತೆ,
ನನ್ನದು ಮೊಬೈಲ್ ರಿಪೇರಿ ಅಂಗಡಿ.
ಶಟರು ಅರ್ಧ ಇಳಿಸಿದ ಮೇಲೆ ಜಬೀಉಲ್ಲಾ ಬರುತ್ತಾನೆ,
ಬೆರಳ ತುದಿಗಳು ನೆಂದು ನೆಂದು ಬಿಳಿಚಿ,
ಅಂಗಿಯ ತುಂಬ ಬೆಂದ ಹುಳದ ವಾಸನೆ.
ಇಬ್ಬರೂ ದುಡ್ಡು ಹಾಕಿ ತರಿಸಿದ್ದನ್ನು ಬಿಚ್ಚುತ್ತೇವೆ.
ಕೈ ಒಂದು ಪೊಟ್ಟಣದಲ್ಲಿ, ಕಾಲು ಇನ್ನೊಂದರಲ್ಲಿ.
ಸೂಚನೆಯೆಲ್ಲ ಜಪಾನಿ ಲಿಪಿ,
ಬಾಣದ ಗುರುತು ಮಾತ್ರ ನಮ್ಮ ಭಾಷೆ.

ಜಬಿಗೆ ಶತ್ರುಪಕ್ಷವೇ ಇಷ್ಟ.
ನಾಯಕನ ಬಿಳಿ ಯಂತ್ರ ಮದುವೆ ಗಂಡಿನ ಹಾಗಿದೆ ಅನ್ನುತ್ತಾನೆ.
ಇಟ್ಟಿಗೆ ಬಣ್ಣದವು, ಹೆಸರಿಲ್ಲದವು,
ಕಂತಿಗೆ ಹತ್ತರಂತೆ ಸಿಡಿದು ಹೋಗುವವು,
ಅವನ್ನೇ ತರಿಸಿ ಹನ್ನೊಂದು ಮಾಡಿದ್ದಾನೆ.
"ಇವ್ರನ್ನೂ ಯಾರಾದ್ರೂ ಜೋಡಿಸ್ಬೇಕಲ್ಲ ಅಕ್ಕಾ."

ಗಾಯ ಮಾಡುವುದು ನನ್ನ ಪಾಲಿನ ಕೆಲಸ.
ಸಾಲ್ಡರಿಂಗ್ ಕಡ್ಡಿ ಕಾಯಿಸಿ ಎದೆಗೆ ಮುಟ್ಟಿಸಿದರೆ
ಪ್ಲಾಸ್ಟಿಕ್ಕು ತುಟಿಯ ಹಾಗೆ ಹೊರಳುತ್ತದೆ.
ಸುತ್ತ ಒಂದಿಷ್ಟು ಪೆನ್ಸಿಲ್ ಸೀಸದ ಪುಡಿ, ಅದೇ ಹೊಗೆ.
ಫೋಟೋ ನೋಡಿ ಹೊಸಕೋಟೆಯ ಹುಡುಗನೊಬ್ಬ ಫೋನು ಮಾಡಿದ್ದ:
ದುಡ್ಡು ಕೊಡ್ತೀನಿ ಮೇಡಂ, ನನ್ನವೂ ಕೊಂದುಕೊಡಿ.

ಇಪ್ಪತ್ತೇಳನೇ ಕಂತಿನ ಜಗಳ ನಮಗಿನ್ನೂ ಮುಗಿದಿಲ್ಲ.
ಒಡೆದ ಮುಚ್ಚಳದ ಸಂದಿನಲ್ಲಿ ವೈರಿಯ ಮುಖ ಕಂಡು
ನಾಯಕ ಬಂದೂಕು ಇಳಿಸುತ್ತಾನೆ.
ಉಳಿದುಕೊಂಡ ಆ ವೈರಿ ಮೂವತ್ತನೇ ಕಂತಿನಲ್ಲಿ
ಆಸ್ಪತ್ರೆ ಹಡಗೊಂದನ್ನು ಮುಳುಗಿಸುತ್ತಾನೆ.
ಬಿಟ್ಟದ್ದು ಸರಿ ಅನ್ನುತ್ತಾನೆ ಜಬಿ.
ಹಾಗಾದರೆ ಆ ನಾನೂರು ಜನ? ಅನ್ನುತ್ತೇನೆ ನಾನು.
"ಲೆಕ್ಕ ನೀನು ಹಾಕ್ತಿದೀಯ, ಮುಖ ಅವನು ನೋಡಿದ."

ಹವಾಲ್ದಾರ್ ವೆಂಕಟರೋಣಪ್ಪ ಬಂದದ್ದು
ಫೋನಿನ ಸ್ಪೀಕರು ಕೇಳಿಸುವುದಿಲ್ಲವೆಂದು.
ಕಪಾಟಿನ ಮುಂದೆ ಬಹಳ ಹೊತ್ತು ನಿಂತರು.
"ಒಳಗಡೆ ಯಾರವ್ರೆ?"
ಒಂದರ ಎದೆ ತೆರೆದು ಚಿಮುಟದಲ್ಲಿ ಎತ್ತಿ ತೋರಿಸಿದೆ.
ಕನ್ನಡಕ ಹಾಕಿಕೊಂಡು ಬಗ್ಗಿದರು.
"ನಾನು ತೋಪಿನೋನು.
ಅಂಕಿ ಹೇಳೋರು, ನಾವು ಅಂಕಿಗೆ ಹೊಡ್ಯೋದು.
ಇಷ್ಟು ಹತ್ರ ಯಾರ್ನೂ ನೋಡ್ಲಿಲ್ಲ."
ನೂರಿಪ್ಪತ್ತು ಕೊಟ್ಟು ಹೊಸಿಲು ದಾಟಿದವರು ತಿರುಗಿ ಬಂದರು.
"ಕಣ್ಣಿಗೂ ಬಣ್ಣ ಹಚ್ಚೀಯೇನಮ್ಮಾ?"
ಆಗಲ್ಲ ಮಾವ, ಕುಂಚ ದಪ್ಪ.
"ಒಳ್ಳೇದಾಯ್ತು," ಅಂದು ಹೋದರು.

ಗೂಡಿನೊಳಗಿನದು ತೂತು ಮಾಡಿ ಹೊರಬಂದರೆ
ನೂಲು ನೂರು ಕಡೆ ಕಡಿಯುತ್ತದೆ,
ಅದಕ್ಕೇ ಮೊದಲು ಕುದಿನೀರು.
ಈ ಊರಲ್ಲಿ ಇದು ಮಕ್ಕಳಿಗೂ ಗೊತ್ತು.
ದಿನಕ್ಕೆ ಎಷ್ಟು ಸಾವಿರ ಎಂದು
ಜಬಿಯನ್ನು ನಾನು ಒಮ್ಮೆಯೂ ಕೇಳಿಲ್ಲ.
ಕೇಳಿದರೆ ಅವನು
ನನ್ನ ಧಾರೆ ಸೀರೆಯ ತೂಕ ಕೇಳಬಹುದು.

ಹವಾಲ್ದಾರರು ಬಂದುಹೋದ ಮಾತು ಕೇಳಿದಂದಿನಿಂದ
ಜಬಿ ಒಂದು ಹೊಸ ಕ್ರಮ ಹಿಡಿದಿದ್ದಾನೆ.
ನಾನು ಕಡ್ಡಿ ಕಾಯಿಸುವ ಮೊದಲು
ಒಳಗಿನವನನ್ನು ಹೊರಗೆ ತೆಗೆಯುತ್ತಾನೆ.
ಹಳೆಯವನ್ನೂ ಬಿಚ್ಚಿ ತೆಗೆದ.
ಮಾರ್ಕೆಟ್ಟಿನಲ್ಲಿ ಯಾರೂ ಕೊಳ್ಳದ,
ಚಿಟ್ಟೆ ಹಾರಿಹೋದ ಗೂಡೊಂದನ್ನು ತಂದು
ಅದರಲ್ಲಿ ಹಾಕಿಟ್ಟ ಹನ್ನೊಂದು ಜನ
ನನ್ನ ಚಾರ್ಜರ್ ಡ್ರಾಯರಿನಲ್ಲಿದ್ದಾರೆ.
ಹೀಗೆಲ್ಲಾದರೂ ಯುದ್ಧ ಉಂಟಾ ಎಂದು ನಕ್ಕಿದ್ದೆ.
ಖಾಲಿ ಎದೆಗೆ ಕಡ್ಡಿ ಇಡುವಾಗ
ಕೈ ಹಗುರಾಗಿದ್ದನ್ನು ಮಾತ್ರ ಹೇಳಲಿಲ್ಲ.

ನಿನ್ನೆ ಹನ್ನೆರಡನೆಯದು.
ಅಂಟು ಹೆಚ್ಚಾಗಿ ಎದೆಯ ಮುಚ್ಚಳ ಕೂತುಬಿಟ್ಟಿತ್ತು.
ಬ್ಲೇಡು ಹಾಕಿದ, ಉಗುರು ಹಾಕಿದ, ಬಾಯಲ್ಲಿ ಊದಿದ.
ಅಲ್ಲಾಡಿಸಿದರೆ ಒಳಗೆ ಸಣ್ಣಗೆ
ಒಣಗಿದ ಕಾಯಿಯ ಸದ್ದು.
ಕಡ್ಡಿ ಕಾದು ತುದಿ ಹೊಗೆಯಾಡುತ್ತಿತ್ತು.
ಜಬಿ ಯಂತ್ರವನ್ನು ನನ್ನ ಕೈಗಿಟ್ಟು
ಶಟರಿನ ಕಡೆ ಮುಖ ಮಾಡಿ ನಿಂತ.