ಐವತ್ತೈದು ಕೆ.ಜಿ. ವಿಭಾಗ

ರಿಪ್ಪನ್‌ಪೇಟೆಯ ಹೈಸ್ಕೂಲು ಮೈದಾನಕ್ಕೆ
ವರ್ಷಕ್ಕೊಮ್ಮೆ ನಮ್ಮ ನ್ಯಾಯಬೆಲೆ ಅಂಗಡಿಯ ತಕ್ಕಡಿ
ಲಗೇಜ್ ಆಟೋ ಹತ್ತಿ ಹೋಗುತ್ತಿತ್ತು.
ಅಕ್ಕಿ ತೂಗುವ ಹಲಗೆಯ ಮೇಲೆ
ಚಡ್ಡಿಯಲ್ಲಿ ನಿಂತ ಹುಡುಗರು, ಉಸಿರು ಬಿಗಿಹಿಡಿದು;
ಉಸಿರಿಗೂ ತೂಕ ಉಂಟೆಂದು ಯಾರೋ ಹೇಳಿದ್ದರು.
ಐವತ್ತೈದರ ಒಳಗಿದ್ದರೆ ಕಬಡ್ಡಿ,
ಮೀರಿದರೆ ಗೆರೆಯಾಚೆ ನಿಂತು ಚಪ್ಪಾಳೆ.

ಗುತ್ಯಪ್ಪ ಎರಡು ದಿನ ಉಪವಾಸವಿದ್ದು
ಕೂದಲ ಭಾರ ಕಳೆಯಲು ತಲೆ ಬೋಳಿಸಿಕೊಂಡು ಬಂದಿದ್ದ.
ಐವತ್ನಾಲ್ಕು ಮುಕ್ಕಾಲು. ಅಪ್ಪ ಚೀಟಿ ಬರೆದರು.
ಆಚೆ ಹೋಗಿ ಡಜನ್ ಬಾಳೆಹಣ್ಣು ತಿಂದು
ಅಂಕಣಕ್ಕಿಳಿದು ಹಿಡಿದ ಕಾಲು
ಬಿಡಲೇ ಇಲ್ಲ.
ಸೋತವನ ತಂದೆ ಬಂದು ಕೇಳಿದ, 'ಇದ್ಯಾವ ನ್ಯಾಯ?'
ಅಪ್ಪ ಮುಳ್ಳು ತೋರಿಸಿದರು:
'ನಾನು ಮೈ ತೂಗುವವ ಮಾರಾಯ,
ಪಟ್ಟು ತೂಗುವ ತಕ್ಕಡಿ ಇದ್ದರೆ ತಾ.'

ಬಂದಿದೆ ಅಪ್ಪ, ಈಗ.
ಸರ್ವರ್ ಬಿದ್ದ ಮಧ್ಯಾಹ್ನಗಳಲ್ಲಿ, ಮನೆ ಮಲಗಿದ ರಾತ್ರಿಗಳಲ್ಲಿ
ಮೊಬೈಲಿನೊಳಗೆ ಬಂದೂಕು ಹಿಡಿಯುತ್ತೇನೆ ನಾನೂ:
ನಲವತ್ತೊಂದರ ಹೆಂಗಸು, ಕಂಚಿನ ದರ್ಜೆ, ಮೂರನೇ ಮೆಟ್ಟಿಲು.
'ನಿಮ್ಮ ಸರಿಸಾಟಿಯವರನ್ನು ಹುಡುಕುತ್ತಿದೆ' ಅನ್ನುತ್ತದೆ ಪರದೆ.
ಹನ್ನೊಂದೇ ಸೆಕೆಂಡು.
ನನಗೊಂದು ಗಂಡು ಹುಡುಕಲು ಸೋದರತ್ತೆಗೆ
ಆರು ವರ್ಷ ಹಿಡಿದಿತ್ತು,
ಸಾಟಿಯ ಮಾತು ಬಿಡಿ.

ಅದು ಸೋಲು ತೂಗುತ್ತದೆ.
ತಪ್ಪಿದ ಗುಂಡು, ತಡವರಿಸಿದ ಬೆರಳು,
ಹೆದರಿ ಓಡಿದ ದಾರಿ, ಎಲ್ಲ.
ಒಂದೇ ಸಮ ಆರು ಸಲ ಸತ್ತರೆ ಏಳನೆಯದಕ್ಕೆ
ಗೋಡೆಗೆ ಮುಖಮಾಡಿ ನಿಲ್ಲುವವರನ್ನು ಕಳಿಸುತ್ತದೆ.
ಗೆದ್ದೆ. ಎದ್ದು ನೀರು ಕುಡಿದೆ. ಆಮೇಲೆ ತಿಳಿಯಿತು
ಅವರು ಮನುಷ್ಯರೇ ಅಲ್ಲವೆಂದು.
ಚಿಕ್ಕವಳಿದ್ದಾಗ ಕುಂಟೆಬಿಲ್ಲೆಯಲ್ಲಿ ಅಕ್ಕಂದಿರು
ಒಬ್ಬರಿಗೊಬ್ಬರು ಕಣ್ಣು ಮಿಟುಕಿಸಿ ಅನ್ನುತ್ತಿದ್ದರಲ್ಲ,
ಆಟಕ್ಕುಂಟು, ಲೆಕ್ಕಕ್ಕಿಲ್ಲ.
ಆ ಕಣ್ಣು.

ಮೊನ್ನೆ ರಾತ್ರಿ 'ಬಡಪಾಯಿ೦೭' ಬಂದ.
ಹೊಸ ಖಾತೆ, ನನ್ನದೇ ದರ್ಜೆ.
ಒಂಬತ್ತು ಸೆಕೆಂಡಿಗೆ ನೆಲ ಕಚ್ಚಿಸಿದ.
ತಲೆ ಬೋಳಿಸಿಕೊಂಡು ಬಂದವನೇ ಇವನೂ.
ಮೈಕಿನಲ್ಲಿ ಅವನ ನಗು, ನಗುವಿನ ಹಿಂದೆ
ಹೊಸನಗರದ ಕೊನೆಯ ಬಸ್ಸಿನ ಹಾರನ್ನು.
ಅದೇ ಹಾರನ್ನು ನನ್ನ ಕಿಟಕಿಯಲ್ಲೂ,
ಅರೆಗಳಿಗೆ ಮುಂಚೆ.

ಬೆಳಿಗ್ಗೆ ಸಾಲಿನಲ್ಲಿ ಹಲೀಮಾಬಿ.
ನಲವತ್ತು ವರ್ಷ ಬೀಡಿ ಸುತ್ತಿ ಗೆರೆ ಸವೆದ ಹೆಬ್ಬೆರಳು.
ಯಂತ್ರ ಮೂರು ಸಲವೂ 'ಹೊಂದಾಣಿಕೆಯಾಗಿಲ್ಲ' ಅಂದಿತು.
ಹಿಂದಿನಿಂದ ಮೊಮ್ಮಗ ಶಾಕಿರ್ ನಕ್ಕ.
ಆ ನಗು.
'ನಂದು ಒತ್ತಲಾ ಅಕ್ಕ?'
ಒತ್ತಿದ. ಹಸಿರು ದೀಪ.
ನನ್ನನ್ನು ಕೊಂದ ಬೆರಳಿಗೆ ಹದಿನೈದು ಕಿಲೋ ಅಕ್ಕಿ.

ಈಗಿನ ತಕ್ಕಡಿಗೆ ಮುಳ್ಳಿಲ್ಲ,
ಕೆಂಪು ಅಂಕಿ ನಡುಗಿ ನಿಲ್ಲುವವರೆಗೂ ಕಾದೆ.
ಹಿಡಿ ಹೆಚ್ಚಿಲ್ಲ, ಹಿಡಿ ಕಡಿಮೆಯಿಲ್ಲ.
'ಬಡಪಾಯಿ,' ಅಂದೆ, ಚೀಲದ ಬಾಯಿ ಕಟ್ಟುತ್ತಾ.
ಅವನ ಕಿವಿ ಕೆಂಪಾಯಿತು.
'ಇವತ್ತು ಎಡಗೈಲಿ ಆಡ್ತೀನಿ ಬಿಡಿ ಅಕ್ಕ.'
'ಬ್ಯಾಡ. ನಿನ್ನ ಹಳೇ ಹೆಸರಲ್ಲಿ, ಹಳೇ ದರ್ಜೇಲಿ
ನೀನೇ ಕರೆದು ಕೂರಿಸ್ಕೋ ನನ್ನ.
ಒಂಬತ್ತಲ್ಲ, ಹನ್ನೆರಡು ಸೆಕೆಂಡು ನಿಂತೆ ಅನ್ನು,
ಆ ಮೂರು
ಲೆಕ್ಕಕ್ಕುಂಟು.'